ತೂಕವೇನೋ ಸರಿಯಾಗಿತ್ತು

ಒಣ ಅರಿಶಿನ ಹಾಕಿದ ಮಿಕ್ಸಿಯಂಥ ಆ ಎಂಜಿನ್ ಸದ್ದು ಈಗಲೂ ಕಿವಿಯಲ್ಲಿದೆ.

ನನ್ನ ತಮ್ಮ ರಿಟೈರ್ ಆದ ಮೇಲೆ ರಿಮೋಟಿನಿಂದ ಹಾರಿಸುವ ದೊಡ್ಡದೊಂದು ವಿಮಾನ ಕಟ್ಟಿದ. ಅದರ ರೆಕ್ಕೆ ನನ್ನ ಮಂಚಕ್ಕಿಂತ ಉದ್ದವಿತ್ತು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಥ ವಿಮಾನ ಹಾರಿಸುವ ರೂಲ್ಸ್ ಓದಿ ಹೇಳುವ ಕೆಲಸ ಕಾನ್ವೆಂಟಿನಲ್ಲಿ ಕಲಿತ ನನ್ನದು. ತೂಕಕ್ಕೊಂದು ಲಿಮಿಟ್ ಇತ್ತು; ಪೆಟ್ರೋಲ್ ತುಂಬಿಸಿಯೇ ತೂಗಬೇಕೆಂದು ಹಟ ಹಿಡಿದೆ. ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟೆವು, ಲಿಮಿಟ್ಟಿನೊಳಗೇ ಇತ್ತು. ಹಾರುವ ದಾರಿಯ ಕೆಳಗೆ ಜನ ಇರಬಾರದೆಂಬುದು ಇನ್ನೊಂದು ರೂಲು. ಅದನ್ನು ನೋಡುವುದೂ ನನ್ನ ಡ್ಯೂಟಿಯೇ. ಅಕ್ಕಪಕ್ಕದ ತೋಟಗಳ ಸಾಲುಗಳಲ್ಲೆಲ್ಲ ಓಡಾಡಿ ಬಂದು, “ಆಲ್ ಕ್ಲಿಯರ್ ಕಣೋ, ಬಿಡು” ಎಂದೆ. ನಾನು ನೋಡಿದ್ದು ನೆಲವನ್ನಷ್ಟೇ.

ವಿಮಾನ ಪಕ್ಕದ ತೋಟದ ಮೇಲೆ ತಗ್ಗಿ ಹೋದಾಗ ಒಂದು ತೆಂಗಿನ ಮರದ ತುದಿಯಿಂದ ಕೂಗು ಕೇಳಿತು. ಕಾಯಿ ಕೀಳುವವನು ಮೇಲೇ ಇದ್ದ. ಅವನ ತಲೆಯ ಪಕ್ಕದ ಗರಿಯನ್ನು ರೆಕ್ಕೆ ಸೀಳಿಕೊಂಡು ಹೋಯಿತು. ಮರವನ್ನು ತಬ್ಬಿ ಜಾರಿ ಇಳಿದವನ ಎದೆಯೆಲ್ಲ ತರಚಿತ್ತು. ಆದರೂ ನಗಲು ನೋಡಿದ: “ಮಂಗನ್ನ ಓಡ್ಸಿ ಗೊತ್ತು ಕಣ್ರಮ್ಮ, ಏರೋಪ್ಲೇನ್ ಓಡ್ಸಿ ಗೊತ್ತಿಲ್ಲ!”

ಅವನನ್ನು ಕೊನೆಯ ಸಲ ಕಂಡದ್ದು ಹೊನ್ನವಳ್ಳಿಯ ಬಸ್ ಸ್ಟಾಪಿನಲ್ಲಿ. “ಮರ ಹತ್ತೋದು ಬುಟ್ಬುಟ್ಟೆ ಕಣ್ರಮ್ಮ. ಅರ್ಧ ಹೋಗೋ ಹೊತ್ಗೆ ಕಾಲು ನಡುಗ್ತವೆ” ಎಂದ. ಬಸ್ ಬರುವ ದಾರಿ ನೋಡುತ್ತಾ, “ನಿಮ್ ತಮ್ಮಾವ್ರು ಈಗ್ಲೂ ಅದನ್ನ ಹಾರುಸ್ತಾರಾ?” ಎಂದು ಕೇಳಿದ.

ಪ್ರತಿ ಭಾನುವಾರ ಹಾರಿಸುತ್ತಾನೆ.

“ಇಲ್ಲಪ್ಪ, ನಿಲ್ಲಿಸಿಬಿಟ್ಟ” ಎಂದೆ. ಅವನು ತಲೆಯಾಡಿಸಿ ತಿಪಟೂರಿನ ಬಸ್ ಹತ್ತಿದ.