ಸುಟ್ಟ ಸಿನಗಾಗ್‌ನ ಅಂಗಳ ಗುಡಿಸುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೂರ್ವ ಪೋಲೆಂಡಿನ ಯಾಸ್ಕುವ್ಕಾ ಎಂಬ ಪುಟ್ಟ ಊರಿನ ಹಳೇ ಮಾರುಕಟ್ಟೆ ಕಡೆಗೆ ಕೈಗಾಡಿ ತಳ್ಳಿಕೊಂಡು ಬರುವ ಲಿಯೊಕಾದಿಯಾ, ಔಷಧಿ ಅಂಗಡಿಯ ತಿರುವಿಗೆ ಬಂದೊಡನೆ ನಿಲ್ಲುತ್ತಾರೆ. ಹೆಜ್ಜೆ ಸದ್ದೇನಾದರೂ ಇದೆಯೇ ಎಂದು ಕಿವಿಗೊಡುತ್ತಾರೆ. ಗಾಳಿಯಲ್ಲಿ ಪೆಟ್ರೋಲಿನ ವಾಸನೆ ಇದೆಯೇ ಎಂದು ಮೂಗರಳಿಸಿ ನೋಡುತ್ತಾರೆ. ಇಲ್ಲವೆಂದು ಖಾತ್ರಿಯಾದ ಮೇಲೆಯೇ ತಿರುವು ದಾಟುವುದು.

"ಮೊದಲೆಲ್ಲ ಹಾಡು ಗುನುಗಿಕೊಂಡು ಬರ್ತಿದ್ದೆ. ಈಗ ನನ್ನ ಗಾಡಿ ಚಕ್ರ ಕಿರ್ ಅಂದ್ರೂ ಎದೆ ಧಸಕ್ಕನ್ನುತ್ತೆ," ಎನ್ನುತ್ತಾರೆ ಅವರು, ತಲೆವಸ್ತ್ರದ ಗಂಟು ಬಿಗಿದುಕೊಳ್ಳುತ್ತ.

ತಿರುವಿನಾಚೆ ಒಂದು ಹುಲ್ಲುಹಾಸು. ಅದರ ನಡುವೆ ತಳಪಾಯದ ಆಕಾರದಲ್ಲಿ ಹೂತಿಟ್ಟ ಬಿಳಿ ಇಟ್ಟಿಗೆಗಳು, ತುದಿಯಲ್ಲಿ ಆಳೆತ್ತರದ ಕರಿಕಲ್ಲು. ಇಲ್ಲಿ ಯಹೂದಿಗಳ ಪ್ರಾರ್ಥನಾಮಂದಿರ, ಮರದ ಸಿನಗಾಗ್ ಇತ್ತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಜರ್ಮನ್ ಸೈನಿಕರು ಅದಕ್ಕೆ ಬೆಂಕಿಯಿಟ್ಟರು. ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದವರನ್ನು, ಎಂದರೆ ಊರಿನ ಅರ್ಧದಷ್ಟು ಜನರನ್ನು, ಆಮೇಲೆ ಸಾವಿನ ಶಿಬಿರಕ್ಕೆ ಹೋಗುವ ರೈಲಿಗೆ ತುಂಬಿದರು. ಹಿಂದಿರುಗಿ ಬಂದು ಈ ಊರಲ್ಲಿ ಒಲೆ ಹಚ್ಚಿದವರು ಒಬ್ಬರೂ ಇಲ್ಲ. ಅವರ ನೆನಪಿಗೆಂದು ನಿಲ್ಲಿಸಿದ ಕಲ್ಲು ಇದು.

ಲಿಯೊಕಾದಿಯಾ ನಾರುಬಟ್ಟೆಯ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿತು, ಗಂಡ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡರು, ಪುರಸಭೆಯ ಪೊರಕೆ ಕೈಗೆ ಬಂತು. ಕಲ್ಲು ನಿಂತ ಜಾಗ ಅವರ ಪಾಲಿನ ಬೀದಿಗೆ ಸೇರಿದ್ದು ಆಕಸ್ಮಿಕ. ಎಲೆ ಗುಡಿಸಬೇಕು, ಅಷ್ಟೇ ಅವರಿಗೆ ಹೇಳಿದ್ದ ಕೆಲಸ. ಕಲ್ಲು ತೊಳೆಯುವುದು, ಆರಿದ ಮೇಣದ ಬತ್ತಿ ತೆಗೆಯುವುದು, ಇಟ್ಟಿಗೆ ಸಂದಿನ ಪಾಚಿ ಕೆರೆಯುವುದು ಎಲ್ಲ ಆಮೇಲೆ ತಾನಾಗಿ ಅಂಟಿಕೊಂಡವು.

ಶುರುವಿನಲ್ಲಿ ಒಂದು ಎಡವಟ್ಟಾಗಿತ್ತು. ಕಲ್ಲಿನ ಮೇಲೆ ಯಾರೋ ಇಟ್ಟುಹೋದ ಸಣ್ಣಸಣ್ಣ ಬೆಣಚುಕಲ್ಲುಗಳನ್ನು ಅವರು ಕಸವೆಂದು ಬುಟ್ಟಿಗೆ ಸುರಿಯುತ್ತಿದ್ದರು. ಇಸ್ರೇಲಿನ ಹಾಯಿಫಾದಿಂದ ಬಂದಿದ್ದ ಎಲಿಶಾ ಎಂಬ ಮುದುಕರು ಅದನ್ನು ನೋಡಿ ಹತ್ತಿರ ಬಂದರು. ಅವರ ತಾಯಿ ಇದೇ ಊರಲ್ಲಿ ಹುಟ್ಟಿ, ಯುದ್ಧಕ್ಕೆ ಮೊದಲೇ ಹೊರಟುಹೋದವರು. ತಾಯಿಯಿಂದ ಕಲಿತ ಹರಕುಮುರುಕು ಪೋಲಿಷ್‌ನಲ್ಲಿ ಅವರು, "ಅಮ್ಮಾ, ಅದು ಕಸ ಅಲ್ಲ. ಸತ್ತವರ ನೆನಪಿಗೆ ನೀವು ಹೂವು ಇಡ್ತೀರಲ್ಲ, ನಾವು ಕಲ್ಲು ಇಡ್ತೀವಿ," ಎಂದರು. ಲಿಯೊಕಾದಿಯಾ ಬುಟ್ಟಿ ಮಗುಚಿದರು. ಇಬ್ಬರೂ ಮೊಣಕಾಲೂರಿ ಎಲೆಗಳ ನಡುವಿನಿಂದ ಒಂದೊಂದನ್ನೇ ಆರಿಸಿ ಮತ್ತೆ ಮೇಲಿಟ್ಟರು.

ಕೇಡುಗಾಲ ಶುರುವಾಗಿದ್ದು ಹೋದ ವಸಂತದಲ್ಲಿ. ಒಂದು ಬೆಳಿಗ್ಗೆ ಕಲ್ಲಿನ ತುಂಬ ಯಾರೋ ಕೆಂಪು ಬಣ್ಣ ಎರಚಿದ್ದರು. ಅವರು ಬೆರಳ ಸಿಪ್ಪೆ ಏಳುವವರೆಗೆ ಉಜ್ಜಿ ತೆಗೆದರು. ಅದಾದ ವಾರವೇ ಅವರ ಮನೆ ಗೇಟಿಗೆ ಸತ್ತ ಕಾಗೆ ನೇತುಹಾಕಿದ್ದರು. ತಂಗಿ ಬೋಗುಮಿಲಾ ಓಡಿಬಂದಳು.

"ಅಕ್ಕಾ, ನಿಂಗ್ಯಾಕೆ ಬೇಕು ಊರಿಗಿಲ್ಲದ ಉಸಾಬರಿ? ಅಪ್ಪ ಅಮ್ಮನ ಗೋರಿ ಮೇಲೆ ಹುಲ್ಲು ಬೆಳೆದಿದೆ, ಅದನ್ನ ಕೀಳು ಹೋಗು."

"ಮೊನ್ನೆ ಭಾನುವಾರ ಕಿತ್ತೆ. ಕರೆದಿದ್ದೆ, ನೀನೇ ಬರಲಿಲ್ಲ."

ಬೇಸಿಗೆ ಮುಗಿಯುವ ಹೊತ್ತಿಗೆ ಅದು ನಡೆಯಿತು. ಮುಂಜಾನೆ ತಿರುವು ದಾಟಿದರೆ, ಕಲ್ಲಿನ ಬುಡದಲ್ಲಿ ಹಳೇ ಟೈರುಗಳ ರಾಶಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಗಂಡಸೊಬ್ಬ ಡಬ್ಬಿಯಿಂದ ಪೆಟ್ರೋಲ್ ಸುರಿಯುತ್ತಿದ್ದ. ಲಿಯೊಕಾದಿಯಾ ಗಾಡಿ ಹಿಡಿದು ನಿಂತಲ್ಲೇ ನಿಂತರು. ಅವನು ತಿರುಗಿದ. ಎಡಭುಜ ಒಂದಿಷ್ಟು ಜೋತುಬಿದ್ದಿತ್ತು. ಆ ಭುಜ ಮುರಿದದ್ದು ಅವನು ಚಿಕ್ಕವನಿದ್ದಾಗ ಅವರದೇ ಹಿತ್ತಲಿನ ಚೆರ್ರಿ ಮರದಿಂದ ಬಿದ್ದಾಗ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದೂ ಅವರೇ.

"ಕೊನ್ರಾದ್," ಎಂದರು. ತಂಗಿಯ ಮಗ.

"ನೀನು ಏನೂ ನೋಡಿಲ್ಲ ದೊಡ್ಡಮ್ಮ. ಮನೆಗೆ ಹೋಗು," ಎಂದ ಅವನು, ಮೆಲ್ಲಗೆ, ಚಹಾ ಕುಡಿದು ಹೋಗು ಅನ್ನುವ ಹಾಗೆ. ಆಮೇಲೆ ಲೈಟರ್ ಹಚ್ಚಿ ಎಸೆದ.

ಉರಿ ಕಲ್ಲನ್ನು ಮೀರಿ ಎದ್ದಿತು. ಅವನು ಓಡಿಹೋದ ಮೇಲೆಯೇ ಲಿಯೊಕಾದಿಯಾ ನಿಂತಲ್ಲಿಂದ ಕದಲಿದ್ದು. ಹಿಮ ಬಿದ್ದಾಗ ರಸ್ತೆಗೆ ಎರಚಲು ಇಟ್ಟಿದ್ದ ಪೆಟ್ಟಿಗೆಯಿಂದ ಮರಳು ಬಾಚಿ ಬಾಚಿ ಸುರಿದರು. ಪೊರಕೆ ಉರಿದುಹೋಯಿತು, ಹುಬ್ಬು ಸೀದುಹೋಯಿತು. ಪೊಲೀಸರು ಬಂದು ಯಾರೆಂದು ಕೇಳಿದಾಗ, "ಬಟ್ಟೆ ಕಟ್ಕೊಂಡಿದ್ದ, ಮುಖ ಕಾಣಲಿಲ್ಲ," ಎಂದರು.

ಭಾನುವಾರ ಕೊನ್ರಾದ್ ಮನೆಗೆ ಬಂದ, ಅಮ್ಮ ಮಾಡಿದ ಸೇಬಿನ ಕೇಕ್ ಹಿಡಿದು. ಅಡುಗೆಮನೆಯಲ್ಲಿ ಕುಳಿತು ತಾನೇ ಕೊಯ್ದು ತಿಂದ. ಎದ್ದು ಹೊರಡುವಾಗ ದೊಡ್ಡಮ್ಮನ ಕೆನ್ನೆಗೆ ಮುತ್ತಿಟ್ಟು, "ಒಳ್ಳೇದು ಮಾಡಿದೆ. ಮುಂದಿನ ಸಲ ನೀನಲ್ಲಿ ಇರಬೇಡ, ಅಷ್ಟೇ," ಎಂದ.

ಆ ಮಾತು ಅವರನ್ನು ಉರಿಗಿಂತ ಹೆಚ್ಚು ಹೆದರಿಸಿತು. "ಸಿನಗಾಗ್ ಉರಿಯೋವಾಗ ನಮ್ಮಜ್ಜಿ ಇದೇ ಅಡುಗೆಮನೇಲಿ ಪರದೆ ಎಳ್ಕೊಂಡು ಕೂತಿದ್ದಳಂತೆ. ಹೊಗೆ ಮಾತ್ರ ಒಳಗೆ ಬರ್ತಿತ್ತು ಅಂತಿದ್ದಳು, ಸಾಯೋವರೆಗೂ. ಕೊನ್ರಾದ್ ಹೋದ ಮೇಲೆ ನೋಡ್ತೀನಿ, ನಾನೂ ಪರದೆ ಎಳೆದಿದ್ದೀನಿ. ಯಾವಾಗ ಎಳೆದೆ ಅಂತಲೇ ಗೊತ್ತಿಲ್ಲ."

ಮರುದಿನ ಠಾಣೆಗೆ ಹೋಗಿ ಹೆಸರು ಹೇಳಿದರು.

ನ್ಯಾಯಾಲಯ ಕೊನ್ರಾದ್‌ನನ್ನು ಅಪರಾಧಿಯೆಂದು ತೀರ್ಮಾನಿಸಿತು. ಆದರೆ ಮೊದಲ ತಪ್ಪೆಂದು ಜೈಲಿಗೆ ಕಳಿಸದೆ, ಎಚ್ಚರಿಸಿ ಬಿಟ್ಟಿತು. ಬೋಗುಮಿಲಾ ಇಗರ್ಜಿಯಲ್ಲಿ ಬೇರೆ ಬೆಂಚಿಗೆ ಹೋಗಿ ಕೂರುತ್ತಾಳೆ. ಬ್ರೆಡ್ಡಿನ ಅಂಗಡಿಗೆ ಲಿಯೊಕಾದಿಯಾ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಒಮ್ಮೆ ಸಾಲಿನಲ್ಲಿ ಹಿಂದಿದ್ದವಳೊಬ್ಬಳು, "ಸ್ವಂತ ರಕ್ತಾನೇ ಮಾರಿಕೊಂಡೋಳು," ಎಂದು ಕೇಳಿಸುವಂತೆಯೇ ಅಂದಳು. ಇವರು ಬ್ರೆಡ್ ತೆಗೆದುಕೊಂಡು ಬಂದರು.

ಈಗ ಚಳಿಗಾಲ. ಇಟ್ಟಿಗೆ ಸಾಲಿನ ಮೇಲೆ ಕೂತ ಮಂಜುಗಡ್ಡೆಯನ್ನು ಅವರು ಮೆಲ್ಲಗೆ ಕೆರೆಯುತ್ತಿದ್ದಾರೆ. ಸಾಮಿಲ್ಲಿನ ಕೆಲಸಕ್ಕೆ ಹೊರಟ ಕೊನ್ರಾದ್ ಸೈಕಲ್ಲಿನಲ್ಲಿ ಇದೇ ದಾರಿಯಾಗಿ ಬರುತ್ತಾನೆ. ಹುಲ್ಲುಹಾಸಿನ ಪಕ್ಕಕ್ಕೆ ಬಂದಾಗ ತುಳಿಯುವುದನ್ನು ನಿಲ್ಲಿಸುತ್ತಾನೆ. ಸೈಕಲ್ ತಾನಾಗಿ ಉರುಳುತ್ತದೆ. ಲಿಯೊಕಾದಿಯಾ ಕಲ್ಲಿಗೆ ಬೆನ್ನು ಕೊಟ್ಟು, ಸಲಿಕೆಯನ್ನು ಎದೆಗವಚಿ ನಿಲ್ಲುತ್ತಾರೆ, ಅವನ ಸದ್ದು ಸೇತುವೆಯಾಚೆ ಅಡಗುವವರೆಗೆ.

"ಧೈರ್ಯವಂತೆ ಅಂತ ಬರೀಬೇಡಿ. ದಿನಾ ಹೆದರ್ಕೊಂಡೇ ಬರ್ತೀನಿ," ಎನ್ನುತ್ತಾರೆ. "ಪುರಸಭೆಯೋರನ್ನ ಒಂದೇ ಒಂದು ಕೇಳಿದ್ದೀನಿ. ಇಲ್ಲೊಂದು ಬೀದಿದೀಪ ಹಾಕಿಸಿ ಅಂತ. ನೋಡೋಣ ಅಂದಿದ್ದಾರೆ. ಅವನು ಬರೋವಾಗ ಅವನ ಮುಖ ನನಗೆ ಕಾಣಬೇಕು. ನಾನು ನಿಂತಿರೋದು ಅವನಿಗೂ ಕಾಣಲಿ."