ಗಾಳಿಯಾಡದ ಡಬ್ಬಿಯಲ್ಲಿ ಕರಿಯಕ್ಕನ ಅಳು

ಜಗಳೂರಿನ ಗೋಣೆಪ್ಪನ ಸ್ಟುಡಿಯೋ ಎಂದರೆ ತಗಡಿನ ಚಾವಣಿಯ ಎರಡು ಕೋಣೆ. ಮುಂದಿನದರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ನೀಲಿ ಪರದೆ, ಒಂದು ಸ್ಟೂಲು, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಹಿಂದಿನದರಲ್ಲಿ ಕಂಪ್ಯೂಟರು. ನಲವತ್ತೆಂಟರ ಗೋಣೆಪ್ಪ ಇಪ್ಪತ್ತಾರು ವರ್ಷಗಳಿಂದ ಊರವರ ಮದುವೆ, ಸೀಮಂತ, ಗೃಹಪ್ರವೇಶಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಕತ್ತರಿಸಿ, ಜೋಡಿಸಿ, ಹಾಡು ತುಂಬಿ ಕೊಡುತ್ತ ಬಂದವನು. ತನ್ನ ಕೆಲಸದ ಬಗ್ಗೆ ಅವನಿಗೆ ಜಂಬವಿತ್ತು. ಜಂಬ ಪಡುವಷ್ಟು ಅಚ್ಚುಕಟ್ಟಾಗಿಯೂ ಮಾಡುತ್ತಿದ್ದ, ಇಲ್ಲವೆನ್ನಲಾಗದು.

ಕಂಪ್ಯೂಟರನ್ನು ಅವನು ಒಂದೇ ಸಲಕ್ಕೆ ಕೊಂಡವನಲ್ಲ. ನ್ಯಾಮತಿಯಲ್ಲಿ ಬಾಗಿಲು ಹಾಕಿದ ಇಂಟರ್‌ನೆಟ್ ಅಂಗಡಿಯೊಂದರಿಂದ ಬರೀ ಡಬ್ಬಿಯನ್ನು ತಂದು, ವರ್ಷಕ್ಕೊಂದರಂತೆ ಒಳಗಿನ ಸಾಮಾನು ತುಂಬುತ್ತ ಹೋಗಿದ್ದ. ಡಬ್ಬಿ ಚಿಕ್ಕದು, ಆಸೆ ದೊಡ್ಡದು. ಗ್ರಾಫಿಕ್ಸ್ ಕಾರ್ಡು ಬಂತು, ಮೂರು ಹಾರ್ಡ್ ಡಿಸ್ಕು ಬಂದವು. ಎರಡು ಇದ್ದ ರ‍್ಯಾಮ್ ನಾಲ್ಕಾದವು. ಬಾಚಣಿಗೆಯಷ್ಟು ಉದ್ದದ ಈ ಪಟ್ಟಿಗಳು ಸಣ್ಣವಾದರೂ, ಕಂಪ್ಯೂಟರು ಏನನ್ನು ಎತ್ತಿ ಎಲ್ಲಿ ಇಡಬೇಕಾದರೂ ಮೊದಲು ಇವುಗಳ ಕೈಗೇ ಕೊಡಬೇಕು. ನಾಲ್ಕೂ ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಮಧ್ಯೆ ಬೆರಳು ತೂರಿಸಲೂ ಜಾಗವಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಜಗಳೂರಿನ ರಸ್ತೆಗಳಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ನುಗಳು ಶುರುವಾಗುತ್ತವೆ. ಕೆಂಪು ಹೊಟ್ಟು ಊಟದ ತಟ್ಟೆಯನ್ನೂ ಬಿಡುವುದಿಲ್ಲ, ಇನ್ನು ಕಂಪ್ಯೂಟರಿನ ಕಿಂಡಿಗಳನ್ನು ಬಿಟ್ಟೀತೇ? ಗೋಣೆಪ್ಪ ಹಳೆಯ ಪಂಚೆಯೊಂದನ್ನು ಹರಿದು, ಡಬ್ಬಿಯ ಕಿಂಡಿಗಳ ಮೇಲೆ ಬಿಗಿಯಾಗಿ ಅಂಟಿಸಿದ. ಸುಗ್ಗಿ ಮುಗಿದ ಮೇಲೆ ಬಿಚ್ಚಬೇಕಿತ್ತು. ಮರೆತ.

ಮಾರ್ಚ್ ತಿಂಗಳಲ್ಲಿ ಇನ್ನೊಂದು ಸುಧಾರಣೆ ಮಾಡಿದ. ಪ್ರೊಸೆಸರ್ ಮೇಲೆ ಕೂತು ಗಿರ್ರೆಂದು ಕೆಳಕ್ಕೆ ಊದುತ್ತಿದ್ದ ಹಳೆಯ ಫ್ಯಾನು ಕಿತ್ತು, ನೀರಿನ ಕೊಳವೆಯ ಹೊಸ ಕೂಲರ್ ಹಾಕಿಸಿದ. ಪ್ರೊಸೆಸರ್ ತಣ್ಣಗಾಯಿತು. ಎಷ್ಟು ಡಿಗ್ರಿ ಎಂದು ಪರದೆಯ ಮೂಲೆಯಲ್ಲಿ ಕಾಣಿಸುತ್ತಿತ್ತು, ಅವನು ದಿನಾ ನೋಡಿ ಹಿಗ್ಗುತ್ತಿದ್ದ. ಆದರೆ ಆ ಹಳೇ ಫ್ಯಾನು ಊದಿದ ಗಾಳಿ ಅಕ್ಕಪಕ್ಕಕ್ಕೆ ಚೆಲ್ಲಿ ರ‍್ಯಾಮ್‌ಗಳಿಗೂ ತಾಗುತ್ತಿತ್ತು. ಕೇಳದೆ ಸಿಗುತ್ತಿದ್ದ ಗಾಳಿ ಅದು. ಹಾಗಾಗಿ ಅದು ನಿಂತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಏಪ್ರಿಲ್ ಹೊತ್ತಿಗೆ ಮದುವೆ ವಿಡಿಯೋಗಳಲ್ಲಿ ಅಲ್ಲಲ್ಲಿ ಹಸಿರು ಗೆರೆ ಮೂಡತೊಡಗಿದವು. ಗೋಣೆಪ್ಪ ಕರೆಂಟನ್ನು ಬೈದು ಸುಮ್ಮನಾದ.

ಅದೇ ಏಪ್ರಿಲ್‌ನಲ್ಲಿ ಸೊಕ್ಕೆಯ ಕರಿಯಕ್ಕ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ಮೊದಲು ಹೇಳಿ ಕಳಿಸುತ್ತಿದ್ದುದು ಅವಳಿಗೆ. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದು ಅವಳಿಗೆ ಬರುತ್ತಿದ್ದಂತೆ ಇನ್ನಾರಿಗೂ ಬರುತ್ತಿರಲಿಲ್ಲ. ಸತ್ತವರು ಯಾವ ಹೊಲದಲ್ಲಿ ಕಳೆ ಕಿತ್ತರು, ಯಾವ ಕೂಸನ್ನು ಮಣ್ಣು ಮಾಡಿದರು, ಯಾರ ಮೇಲೆ ಮುನಿಸಿಕೊಂಡು ಎಷ್ಟು ದಿನ ಉಣ್ಣದೆ ಇದ್ದರು, ಎಲ್ಲವನ್ನೂ ಹೆಸರು ಹಿಡಿದು ಹೇಳಿ ಅಳುತ್ತಿದ್ದಳು. ಗೋಣೆಪ್ಪನ ತಾಯಿ ಹೋದಾಗಲೂ ಅತ್ತವಳು ಅವಳೇ. ಹೆತ್ತ ಮಗನಿಗೂ ಗೊತ್ತಿಲ್ಲದ ಎಷ್ಟೋ ಸಂಗತಿ ಅಂದು ಅವಳ ಬಾಯಿಂದ ಬಂದಿದ್ದವು.

ಈಗ ಅವಳ ಗಂಟಲಲ್ಲೇ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಮುಂದಿನ ವಾರವೇ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಜೊತೆಗೆ ಮೊಮ್ಮಗಳು ಚೈತ್ರಶ್ರೀ ಬಂದಿದ್ದಳು. ಜಗಳೂರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ, ಅಪ್ಪ ಅಮ್ಮ ಇಲ್ಲದೆ ಅಜ್ಜಿಯ ಕೈಯಲ್ಲೇ ಬೆಳೆದ ಹುಡುಗಿ.

“ಗೋಣೆಪ್ಪ, ಊರಾಗೆ ಎಲ್ಲಾರ್ನೂ ನಾನೇ ಅತ್ತು ಕಳ್ಸೀನಿ,” ಎಂದಳು ಕರಿಯಕ್ಕ. “ನನ್ನ ಅಳಾಕೆ ಯಾರದಾರೆ ಹೇಳು. ನಂದು ನಾನೇ ಅತ್ತು ಇಟ್ಟು ಹೋಗ್ತೀನಿ. ನೀನು ಹಿಡ್ಕ.”

“ಮನೀಗೆ ಬರ್ತೀನಿ ಬಿಡವ್ವ. ಅಲ್ಲೇ ಹಿಡಿಯಾನ.”

“ಮನೆಯಾಗೆ ಬ್ಯಾಡ. ದೀಪ ಹಚ್ಚೋ ಮನೆಯಾಗೆ ಬದುಕಿರೋರ್ನ ಅಳಬಾರ್ದು. ನಿನ್ನ ಅಂಗಡ್ಯಾಗೆ ಆಗ್ಲಿ.” ಆಮೇಲೆ ಮೊಮ್ಮಗಳತ್ತ ತಿರುಗಿದಳು. “ನೀನು ಹೊರಗೆ ಕುಂದ್ರವ್ವ. ನಾನಿರಾಗ ಇದು ನಿನ್ನ ಕಿವೀಗೆ ಬೀಳಬಾರ್ದು. ಆ ಫೋನೂ ತಗಂಡು ಹೋಗು.”

ಚೈತ್ರಶ್ರೀ ಎದ್ದು ರಸ್ತೆಯಾಚೆಯ ಬೇವಿನ ಮರದ ಕೆಳಗೆ ಹೋಗಿ ನಿಂತಳು.

“ನೀನೂ ತಿರುಗಿ ಹಾಕ್ಕಂಡು ಕೇಳಬ್ಯಾಡ,” ಎಂದಳು ಕರಿಯಕ್ಕ ಗೋಣೆಪ್ಪನಿಗೆ. “ನಾನು ಹೋದ ದಿನ ಇವಳ ಕೈಯಾಗೆ ಕೊಡು. ಅವತ್ತು ಎಲ್ಲಾರೂ ಕೇಳ್ಲಿ.”

ಗೋಣೆಪ್ಪ ಒಪ್ಪಿದ. ಬಾಗಿಲು ಹಾಕಿ, ಕ್ಯಾಮೆರಾ ಹೂಡಿ, ಮೈಕು ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಕೂತ. ಕರಿಯಕ್ಕ ಕೆಮ್ಮಿದಳು, ನೀರು ಕುಡಿದಳು, ಸೆರಗು ಸರಿಮಾಡಿಕೊಂಡಳು, ತಗಡು ಬಾಳ ಕಾದೈತೆ ಎಂದಳು. ಕೊನೆಗೆ ತಲೆಯ ಮೇಲೆ ಸೆರಗು ಹೊದ್ದು ಶುರು ಮಾಡಿದಳು. ಒಟ್ಟು ಐವತ್ತನಾಲ್ಕು ನಿಮಿಷ. ಮುಗಿದ ಮೇಲೆ ಮುಖ ಒರೆಸಿಕೊಂಡು ಚಾ ಕೇಳಿದಳು, ಎರಡು ಬನ್ನನ್ನೂ ತಿಂದಳು.

ಮರುದಿನ ಬೆಳಿಗ್ಗೆ ಹೊನ್ನಾಳಿಯಲ್ಲಿ ಮದುವೆ. ಅದಕ್ಕೂ ಕ್ಯಾಮೆರಾದ ಅದೇ ಮೆಮೊರಿ ಕಾರ್ಡು ಬೇಕು. ಕಂಪ್ಯೂಟರಿನಲ್ಲಿ ಇನ್ನಾರದೋ ಮದುವೆಯ ವಿಡಿಯೋ ಮಧ್ಯಾಹ್ನದಿಂದ ಬೇಯುತ್ತ ಕೂತಿತ್ತು. ಅದರ ಮೇಲೆಯೇ ಗೋಣೆಪ್ಪ ಕರಿಯಕ್ಕನ ಅಳುವನ್ನೂ ಕಾಪಿಗೆ ಹಾಕಿದ. ಮುಕ್ಕಾಲು ಆಗುವಷ್ಟರಲ್ಲಿ ಪರದೆ ನೀಲಿಯಾಗಿ ನಿಂತುಹೋಯಿತು. ಮತ್ತೆ ಚಾಲೂ ಮಾಡಿ ಮತ್ತೆ ಹಾಕಿದ. ಈ ಸಲ ಕಾಪಿ ಆಯಿತು ಎಂದು ಕಂಪ್ಯೂಟರು ಹೇಳಿತು, ಅವನು ನಂಬಿದ. ತೆರೆದು ನೋಡಬಹುದಿತ್ತು. ಆದರೆ ಮುದುಕಿಗೆ ಮಾತು ಕೊಟ್ಟಾಗಿತ್ತು.

ಬೇರೆ ಯಾವ ಕೆಲಸವಾದರೂ ಅವನು ಎರಡನೇ ಡಿಸ್ಕಿಗೂ ಒಂದು ಪ್ರತಿ ಹಾಕುತ್ತಿದ್ದ. ಆ ಡಿಸ್ಕಿನ ತುಂಬ ಮದುವೆಗಳಿದ್ದವು. ಧಾರೆ, ಅರಿಶಿನದ ನಡುವೆ ಸಾವಿನ ಅಳು ಇಡುವುದು ಹೇಗೆ? ಕಾರ್ಡಿನ ವಿಷಯದಲ್ಲೂ ಅಷ್ಟೇ. ಸುಮ್ಮನೆ ಅಳಿಸಿದರೆ ಮೇಲೆ ಮಾತ್ರ ಹೋಗುತ್ತದೆ, ಒಳಗೆ ಉಳಿದಿರುತ್ತದೆ, ಬೇಕೆಂದಾಗ ಎತ್ತಬಹುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೆಡಿಸಿಕೊಂಡ. ಒಳಗೆ ಉಳಿದ ಅಳುವನ್ನು ಜೇಬಿನಲ್ಲಿಟ್ಟುಕೊಂಡು ಮುಹೂರ್ತದ ಮನೆಗೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ಬುಡಸಮೇತ ಒರೆಸುವ ಫಾರ್ಮ್ಯಾಟ್ ಕೊಟ್ಟ. ಅದೂ ಎರಡು ಸಲ. ಆಮೇಲೆ ಕೈಕಾಲು ತೊಳೆದುಕೊಂಡು ಮನೆಗೆ ಹೋದ.

ಆಪರೇಷನ್ ಆಯಿತು. ಕರಿಯಕ್ಕ ಧ್ವನಿಯಿಲ್ಲದೆ ಸೊಕ್ಕೆಗೆ ವಾಪಸ್ಸಾದಳು. ಜೂನ್‌ನಲ್ಲಿ ಗೋಣೆಪ್ಪ ಅವಳ ಅಳುವಿನ ವಿಡಿಯೋವನ್ನು ಒಂದು ಪೆನ್‌ಡ್ರೈವಿಗೆ ಹಾಕಿಡೋಣವೆಂದು ಕೂತ. ಅರ್ಧಕ್ಕೇ ನಿಂತಿತು. ಮತ್ತೆ ಹಾಕಿದ, ಮತ್ತೆ ನಿಂತಿತು. ಕೊಟ್ಟ ಮಾತು ಮುರಿದು ತೆರೆದು ನೋಡಿದ. ಮೊದಲ ನಾಲ್ಕು ನಿಮಿಷ ಚೆನ್ನಾಗಿತ್ತು: ಕೆಮ್ಮು, ನೀರು, ಸೆರಗು, ಕಾದ ತಗಡಿನ ಮಾತು. ಅಳು ಶುರುವಾಗುವಲ್ಲಿಂದ ಮುಂದೆ ಹಸಿರು ಪಟ್ಟಿಗಳು, ಕರಕರ ಸದ್ದು, ಆಮೇಲೆ ಏನೂ ಇಲ್ಲ.

ಮರುದಿನವೇ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚನ್ನಗಿರಿಗೆ ಹೋದ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರವೀಣ್ ಕುಮಾರ್ ಅವನ ಹಳೆಯ ಪರಿಚಯ. ಕಾಪಿ ಕೆಟ್ಟದ್ದು, ಕಾರ್ಡು ಒರೆಸಿದ್ದು ಎಲ್ಲ ಕೇಳಿಕೊಂಡು, ಡಬ್ಬಿ ನೋಡಿದವನೇ ಅವನು ಮುಖ ಗಂಟಿಕ್ಕಿದ.

“ಗೋಣೆಪ್ಪಣ್ಣ, ಈ ಬಟ್ಟೆ ಯಾಕ್ರೀ?”

“ಜೋಳದ ಹೊಟ್ಟಿಗೆ.”

“ಜೂನ್ ತಿಂಗಳಾಗೆ ಯಾವ ಜೋಳ ಐತೆ?” ಎಂದು ಬಟ್ಟೆ ಕಿತ್ತ. ಬೆಳಕು ಹಿಡಿದು ಒಳಗೆ ನೋಡಿದ. ಕಂಪ್ಯೂಟರನ್ನು ಮುಚ್ಚಿಯೇ ಅರ್ಧ ಗಂಟೆ ಓಡಿಸಿ, ಮತ್ತೆ ತೆರೆದು, “ಆ ರ‍್ಯಾಮ್ ಮುಟ್ಟಿ ನೋಡ್ರಿ,” ಎಂದ.

ಗೋಣೆಪ್ಪ ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡ. “ಪ್ರೊಸೆಸರ್ ತಣ್ಣಗೈತಲ್ಲೋ. ದಿನಾ ನೋಡ್ತಿದ್ದೆ ನಾನು.”

“ಅದು ತಣ್ಣಗೇ ಐತಣ್ಣ. ಇವುಕ್ಕೆ ಗಾಳೀನೇ ಇಲ್ಲ. ಹಳೇ ಫ್ಯಾನಿದ್ದಾಗ ಒಂದಿಷ್ಟು ಸಿಗ್ತಿತ್ತು.”

“ಸುಟ್ಟು ಹೋಗ್ಯಾವಾ?”

“ಸುಟ್ಟು ಹೋಗಿದ್ರೆ ಚಲೋ ಆಗ್ತಿತ್ತು. ಮಿಷನ್ ನಿಂತ್ ಬಿಡೋದು, ನೀವು ಕಾರ್ಡ್ ಒರೆಸ್ತಿರ್ಲಿಲ್ಲ. ಇವು ಹಂಗಲ್ಲ. ಬಿಸಿಗೆ ತಪ್ಪು ಬರಕಂತಾವೆ, ಸರಿ ಬರ್ದೀನಿ ಅಂತ ಹೇಳ್ತಾವೆ.”

ಪರೀಕ್ಷೆಗೆ ಹಾಕಿ ತೋರಿಸಿದ. ಡಬ್ಬಿ ಮುಚ್ಚಿದ್ದಾಗ ಪರದೆಯ ಮೇಲೆ ತಪ್ಪುಗಳು ಸಾಲುಸಾಲಾಗಿ ಬಂದವು. ಆಮೇಲೆ ಗುಜರಿ ಬುಟ್ಟಿಯಿಂದ ಅಂಗೈಯಗಲದ ಹಳೇ ಫ್ಯಾನೊಂದನ್ನು ಹೆಕ್ಕಿ, ಪ್ಲಾಸ್ಟಿಕ್ ದಾರದಲ್ಲಿ ರ‍್ಯಾಮ್‌ಗಳ ಮೇಲೆ ಕಟ್ಟಿದ. ಸಂಜೆಯವರೆಗೆ ಓಡಿಸಿದರೂ ಒಂದು ತಪ್ಪೂ ಬರಲಿಲ್ಲ. ಒಂದಾದರೂ ಬರಲಿ, ತಪ್ಪು ಸಾಮಾನಿನದಾಗಲಿ, ತನ್ನದಾಗದಿರಲಿ ಎಂದು ಗೋಣೆಪ್ಪ ಪರದೆಯಲ್ಲಿ ಕಣ್ಣು ಕೀಲಿಸಿ ಕಾದ. ಆ ನಾಲ್ಕು ಪಟ್ಟಿಗಳಿಗೆ ಏನೂ ಆಗಿರಲಿಲ್ಲ. ಒಂದಿಷ್ಟು ಗಾಳಿ ಬೇಕಿತ್ತು, ಅಷ್ಟೇ.

ಕಾರ್ಡನ್ನೂ ಕೊಟ್ಟ. ಪ್ರವೀಣ್ ಕುಮಾರ್ ಬಹಳ ಹೊತ್ತು ತಡಕಾಡಿದ. “ಹಿಂಗೆ ಯಾರು ಒರೆಸ್ತಾರಣ್ಣ? ಒಂದು ಚೂರೂ ಉಳ್ಸಿಲ್ಲ.”

“ಮದುವೆ ಮನೀಗೆ ಒಯ್ಯಬೇಕಿತ್ತು,” ಎಂದ ಗೋಣೆಪ್ಪ.

ಪ್ರವೀಣ್ ಕುಮಾರ್ ತಲೆಯಾಡಿಸಿ ಕಾರ್ಡು ವಾಪಸ್ಸು ಕೊಟ್ಟ. ಅವನೂ ಇದೇ ಸೀಮೆಯವನು.

ಎಂಟು ದಿನ ಬಿಟ್ಟು ಗೋಣೆಪ್ಪ ಸೊಕ್ಕೆಗೆ ಹೋದ, ಹೇಳಿಬಿಡಬೇಕೆಂದೇ ಹೋದ. ಕರಿಯಕ್ಕ ಜಗಲಿಯ ಮೇಲೆ ಕೂತಿದ್ದಳು. ಕುತ್ತಿಗೆಯಲ್ಲಿ ತೂತು, ಅದರ ಮೇಲೊಂದು ತೆಳು ಬಟ್ಟೆ. ಸೊರಗಿ ಅರ್ಧವಾಗಿದ್ದಳು. ಅವನನ್ನು ಕಂಡು ಮುಖ ಅರಳಿತು. ತನ್ನ ಗಂಟಲು ತೋರಿಸಿದಳು, ಅವನತ್ತ ಬೆರಳು ಮಾಡಿದಳು, ಮುಷ್ಟಿ ಬಿಗಿಹಿಡಿದು ಹುಬ್ಬು ಏರಿಸಿದಳು. ಭದ್ರವಾಗಿ ಇದೆಯೇ ಎಂದು ಕೇಳುತ್ತಿದ್ದಳು.

“ಐತವ್ವ. ಜೋಪಾನವಾಗೈತೆ,” ಎಂದ ಗೋಣೆಪ್ಪ.

ಅವಳು ತಲೆಯಾಡಿಸಿ, ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿದ. ಹೇಡಿತನ ಎನ್ನದೆ ಇದಕ್ಕೆ ಬೇರೆ ಹೆಸರಿಲ್ಲ. ಆದರೆ ಆ ಮುಖ ನೋಡಿಕೊಂಡು ನಿಜ ಹೇಳುವ ಎದೆ ಎಷ್ಟು ಜನಕ್ಕಿದ್ದೀತು? ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಚೈತ್ರಶ್ರೀ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಕೈಯಲ್ಲಿ ಯಾರದೋ ಸ್ಪೀಕರ್ ಡಬ್ಬಿ.

“ಅಜ್ಜಿ ಹೋದ್ಲು, ಮಾಮ. ನಸುಕಿನಾಗೆ,” ಎಂದಳು. “ಪಡಸಾಲ್ಯಾಗೆ ಕುಂದ್ರಿಸೀವಿ. ಊರ ಹೆಣ್ಣುಮಕ್ಕಳೆಲ್ಲ ಬಂದಾರೆ. ಯಾರೂ ಬಾಯಿ ಬಿಟ್ಟು ಅತ್ತಿಲ್ಲ. ಕರಿಯಕ್ಕಂದು ಕರಿಯಕ್ಕನೇ ಸುರು ಮಾಡ್ಲಿ ಅಂತ ಕುಂತಾರೆ. ಕೊಡ್ರಿ.”

ಗೋಣೆಪ್ಪ ಹೇಳಿದ. ಬಟ್ಟೆ, ಬಿಸಿ, ರ‍್ಯಾಮು, ಕಾರ್ಡು ಎಲ್ಲವನ್ನೂ ತೊದಲುತ್ತ ಹೇಳಿದ. ಅವಳಿಗೆ ಎಷ್ಟು ತಿಳಿಯಿತೋ. ಇಲ್ಲ ಎನ್ನುವುದಂತೂ ತಿಳಿಯಿತು. ಫೋಟೋದ ಸ್ಟೂಲಿನ ಮೇಲೆ ಕೂತಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕಣ್ಣೊರೆಸಿಕೊಂಡು, ಕೌಂಟರಿನ ಮೇಲಿದ್ದ ಬಿಲ್ ಪುಸ್ತಕ ಎಳೆದುಕೊಂಡು, ಹಿಂಬದಿ ತಿರುಗಿಸಿ ಪೆನ್ನು ಹಿಡಿದಳು.

“ಆತು ಬಿಡ್ರಿ. ನೀವೊಬ್ರಾದ್ರೂ ಕೇಳೀರಲ್ಲ. ಏನೇನಂದ್ಲು ಹೇಳ್ರಿ, ಬರ್ಕಂತೀನಿ. ನನಗೆ ಬಂದಂಗೆ ನಾನೇ ಅಂತೀನಿ.”

ಗೋಣೆಪ್ಪ ಕಣ್ಣು ಮುಚ್ಚಿದ. ಆ ಮಧ್ಯಾಹ್ನ ಸ್ಪಷ್ಟವಾಗಿ ಕಾಣಿಸಿತು. ಕ್ಯಾಮೆರಾದ ಪರದೆಯಲ್ಲಿ ಧ್ವನಿಯ ಹಸಿರು ಕಡ್ಡಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಇಪ್ಪತ್ತನೇ ನಿಮಿಷದಲ್ಲಿ ಒಮ್ಮೆ ಕೆಂಪಿಗೆ ಹೋದಾಗ ತಾನು ತಗ್ಗಿಸಿದ್ದ. ಮೂವತ್ತೊಂದನೇ ನಿಮಿಷದಲ್ಲಿ ಸೆರಗು ಮೈಕಿಗೆ ಸವರಿತ್ತು. ಬ್ಯಾಟರಿ ಕೊನೆಯ ಗೆರೆಗೆ ಬಂದಾಗ ಸಾಕಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದ್ದ. ಎಲ್ಲ ನೆನಪಿತ್ತು. ಮಾತು ಮಾತ್ರ ಒಂದೂ ಇರಲಿಲ್ಲ. ಐವತ್ತು ನಿಮಿಷ ಒಬ್ಬ ಹೆಂಗಸು ತನ್ನ ಇಡೀ ಬದುಕನ್ನು ಅವನ ಕಿವಿಯೊಳಗೇ ಹೇಳಿಕೊಂಡು ಅತ್ತಿದ್ದಳು, ಅವನು ಕಡ್ಡಿಗಳನ್ನು ನೋಡುತ್ತ ಕೂತಿದ್ದ.

ಚೈತ್ರಶ್ರೀ ಕಾದಳು. ಹಾಳೆ ಖಾಲಿಯಿತ್ತು.

“ನನ್ನ ಹೆಸರು ಬಂತಾ, ಮಾಮ?” ಎಂದು ಕೇಳಿದಳು.

ಅವನಿಗೆ ಗೊತ್ತಿರಲಿಲ್ಲ.

“ಧ್ವನಿ ಬಾಳ ಚೆನ್ನಾಗಿ ಬಂದಿತ್ತಮ್ಮ,” ಎಂದ.