ಅರ್ಧಕ್ಕೆ ಎದ್ದು ಹೋಗದವನು

ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದ ಕೊಲಂಬಿಯಾ ಊರಿನ ಕೇಶವಮೂರ್ತಿಯವರಿಗೆ ಮನೆ ತೀರಾ ದೊಡ್ಡದೆನಿಸತೊಡಗಿತು. ಕೋವಿಡ್ ಗಲಾಟೆ ತಣ್ಣಗಾದದ್ದೇ ತಡ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಸಿನಿಮಾ ತೋರಿಸಲು ಶುರುಮಾಡಿದರು. ಬಿಸಿಬೇಳೆಭಾತನ್ನೂ ತಾವೇ ಮಾಡುತ್ತಿದ್ದರು. ಜನ ಬರುವುದು ಸಿನಿಮಾಕ್ಕಿಂತ ಊಟಕ್ಕೆ ಎಂಬುದು ಅವರಿಗೂ ಗೊತ್ತಿತ್ತು.

ಎಲ್ಲರಿಗಿಂತ ಮೊದಲು ಬರುವವನು ಗುರುರಾಜ. ಐವತ್ತರ ಆಸುಪಾಸು, ಒಂಟಿ, ಮೆತ್ತಗಿನ ಮಾತು. ಎರಡು ಸಲ ಬಡಿಸಿಕೊಂಡು, ಉಳಿದದ್ದನ್ನು ಡಬ್ಬಿಗೆ ತುಂಬಿಕೊಳ್ಳುವನು.

"ಏನಯ್ಯಾ, ಒಲೆ ಹಚ್ಚೋದೇ ಬಿಟ್ಟಿದೀಯಾ?" ಎಂದು ಮೂರ್ತಿಗಳು ಎಲ್ಲರೆದುರು ಕಿಚಾಯಿಸುವರು. ಅವನೂ ನಗುವನು.

ಆ ಚಳಿಗಾಲದಲ್ಲಿ ಒಂದು ಜಪಾನಿ ಸಿನಿಮಾ ಹಾಕಿದರು. ಕಾರ್ಖಾನೆ ಮುಚ್ಚಿದ ಊರು; ಗ್ಯಾಸು, ಕರೆಂಟು ಕಡಿದುಹೋದ ಮನೆಯಲ್ಲಿ ತಾಯಿ, ಮಗಳು. ಹಸಿವು ತಾಳದ ಮಗಳು ಅಕ್ಕಿ ಕದಿಯಲು ಪಕ್ಕದ ಮನೆಗೆ ನುಗ್ಗುತ್ತಾಳೆ. ಅಡ್ಡ ಬಂದ ಮುದುಕನನ್ನು ತಳ್ಳುತ್ತಾಳೆ. ಅವನು ಬಿದ್ದು ಸಾಯುತ್ತಾನೆ. ಪೊಲೀಸರು ವಿಚಾರಿಸಿದರೆ ನೆರೆಹೊರೆಯವರದು ಒಂದೇ ಮಾತು: ತಾಯಿ, ಮಗಳು ತುಂಬಾ ಸಭ್ಯ ಜನ.

"ಏನ್ ಅಂಕಲ್, ವೀಕೆಂಡಲ್ಲಿ ಇಷ್ಟು ಡಿಪ್ರೆಸಿಂಗಾ? ನೆಕ್ಸ್ಟ್ ಟೈಮ್ ಕಾಮಿಡಿ ಹಾಕಿ," ಎಂದು ಬಂದವರಲ್ಲೊಬ್ಬಳಾದ ನಮ್ರತಾ ಅರ್ಧಕ್ಕೇ ಎದ್ದಳು. ಅವಳ ಬೆನ್ನಿಗೆ ಉಳಿದವರೂ ಜಾರಿಕೊಂಡರು. ಗುರುರಾಜ ಮಾತ್ರ ಕೊನೆಯವರೆಗೆ ಕದಲಲಿಲ್ಲ. ಲೈಟು ಹಾಕಿದಾಗ ಅವನ ಕಣ್ಣು ಕೆಂಪಾಗಿತ್ತು.

"ಆ ಹುಡುಗಿ ಯಾರನ್ನಾದ್ರೂ ಕೇಳಬಹುದಿತ್ತು," ಎಂದರು ಮೂರ್ತಿಗಳು.

"ಹೇಗೆ ಕೇಳ್ತಾಳೆ ಸಾರ್?" ಗುರುರಾಜ ಪರದೆಯತ್ತಲೇ ನೋಡುತ್ತಿದ್ದ. "ನನ್ ಕಾಂಟ್ರಾಕ್ಟ್ ಕೆಲಸ ಬೇಸಿಗೇಲೇ ಹೋಯ್ತು. ಅಪಾರ್ಟ್‌ಮೆಂಟ್ ಖಾಲಿ ಮಾಡ್ದೆ. ಜಿಮ್ಮಲ್ಲಿ ಸ್ನಾನ, ಕಾರಲ್ಲಿ ನಿದ್ದೆ. ಪ್ರತಿ ತಿಂಗಳು ಇಲ್ಲಿಗೆ ಬಂದೆ. ಬಾಯ್ಬಿಟ್ನಾ?"

ತಾವು ಕಿಚಾಯಿಸಿದ್ದೆಲ್ಲ ಮೂರ್ತಿಗಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಏನೋ ಹೇಳಲು ಹೋಗಿ, "ಮೇಲೊಂದು ರೂಮು ಖಾಲಿ ಇದೆ," ಎಂದರು.

"ಅಯ್ಯೋ ಪಾಪ ಅಂತ ಕರೀಬೇಡಿ ಸಾರ್."

"ನನಗೂ ಮಾತಿಗೆ ಜನ ಬೇಕಪ್ಪಾ."

ಅಂದು ಅವನು ಒಪ್ಪಲಿಲ್ಲ. ಹಿಮ ಬಿದ್ದ ವಾರ ಸೂಟ್‌ಕೇಸು ಹಿಡಿದು ಬಂದು ಬಾಗಿಲು ತಟ್ಟಿದ.

ಯುಗಾದಿಯವರೆಗೆ ಇದ್ದ. ತರಕಾರಿ ಹೆಚ್ಚುತ್ತಿದ್ದ, ಅಂಗಳದ ಹಿಮ ತೆಗೆಯುತ್ತಿದ್ದ. ತನ್ನ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ. ಆಮೇಲೆ ಬಾಲ್ಟಿಮೋರಿನ ಗೋದಾಮೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆ ಮಾಡಿಕೊಂಡ. ಸಿನಿಮಾಕ್ಕೆ ಮತ್ತೆ ಬರಲಿಲ್ಲ. ಕಷ್ಟ ಹೇಳಿಕೊಂಡವನಿಗೆ ಕೇಳಿಸಿಕೊಂಡವನ ಮುಖ ನೋಡುವುದು ಕಷ್ಟವಿರಬೇಕು ಎಂದು ಮೂರ್ತಿಗಳು ಅಂದುಕೊಂಡರು. ಆದರೂ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಒಮ್ಮೊಮ್ಮೆ ಅವನು ಎತ್ತುತ್ತಾನೆ.